ಪರೀಕ್ಷೆಯ ಜಗಳದಲ್ಲಿ ಮೇಷ್ಟ್ರು ಎಲ್ಲಿ?

ಐದು, ಎಂಟು, ಒಂಬತ್ತನೇ ತರಗತಿಗೆ ಮೌಲ್ಯಾಂಕನ ಪರೀಕ್ಷೆ ಬೇಕೋ ಬೇಡವೋ ಎಂಬ ಜಗಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು. 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಪರೀಕ್ಷೆಯ ಹೆದರಿಕೆ ಇಲ್ಲದಿದ್ದರೆ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎಂದು ಕೆಲವರು, ಪರೀಕ್ಷೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು. ಅಮೆರಿಕದ ‘ಎಂಟು ವರ್ಷಗಳ ಅಧ್ಯಯನ’ದ ಚರಿತ್ರೆ ಓದಿದರೆ ಇಬ್ಬರ ಮಾತೂ ನಿಲ್ಲುವುದಿಲ್ಲ.

1930ರ ದಶಕದಲ್ಲಿ ಅಲ್ಲಿನ ಪ್ರಗತಿಶೀಲ ಶಿಕ್ಷಣ ಸಂಘ ಸುಮಾರು ಮೂವತ್ತು ಪ್ರೌಢಶಾಲೆಗಳನ್ನು ಆರಿಸಿಕೊಂಡಿತು. ಇವುಗಳ ಮಕ್ಕಳಿಗೆ ಪ್ರವೇಶದ ಮಾಮೂಲಿ ಷರತ್ತು ಬೇಡವೆಂದು ಮುನ್ನೂರರಷ್ಟು ಕಾಲೇಜುಗಳನ್ನು ಒಪ್ಪಿಸಿತು. ಏನು ಕಲಿಸಬೇಕೆಂಬುದು ಶಾಲೆಗೇ ಬಿಟ್ಟದ್ದು. ಮುಂದೆ, ಕಾಲೇಜು ಸೇರಿದ ಇಂಥ 1,475 ವಿದ್ಯಾರ್ಥಿಗಳನ್ನು ವಯಸ್ಸು, ಬುದ್ಧಿಮಟ್ಟ, ಮನೆಯ ಹಿನ್ನೆಲೆಯಲ್ಲಿ ಸರಿಸಮನಾದ ಬೇರೆ ಶಾಲೆಯವರೊಂದಿಗೆ ಜೋಡಿ ಮಾಡಿ ಹೋಲಿಸಿದರು. ಆಯ್ದ ಶಾಲೆಗಳಿಂದ ಬಂದವರು ಹಿಂದೆ ಬೀಳಲಿಲ್ಲ, ಅಂಕಗಳಲ್ಲೂ ತುಸು ಮುಂದೆಯೇ ಇದ್ದರು. ಹಳೆಯ ಪಠ್ಯಕ್ರಮದಿಂದ ಹೆಚ್ಚು ದೂರ ಸರಿದ ಶಾಲೆಗಳ ಮಕ್ಕಳಂತೂ ಎದ್ದುಕಾಣುವಂತೆ ಓದಿದರು. 1942ರಲ್ಲಿ ವರದಿ ಬಂದಾಗ ದೇಶ ಯುದ್ಧದಲ್ಲಿ ಮುಳುಗಿತ್ತು. ಆ ವರದಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಹಾಗಂತ ಬಿಡುಗಡೆ ಸಿಕ್ಕ ಕೂಡಲೇ ಶಾಲೆಗಳು ಕುಣಿದಾಡಲಿಲ್ಲ. ಹಲವು ಹೆದರಿದವು, ಕೆಲವು ಹಳೆಯ ಪಾಠವನ್ನೇ ಮುಂದುವರಿಸಿದವು. ಅವುಗಳ ಕೈಹಿಡಿದದ್ದು 1936ರಲ್ಲಿ ಶುರುವಾದ ಬೇಸಿಗೆ ಕಾರ್ಯಾಗಾರ. ಶಿಕ್ಷಕರು ವಾರಗಟ್ಟಲೆ ಜೊತೆಗಿದ್ದು, ತಮ್ಮ ತಮ್ಮ ತರಗತಿಯ ತೊಡಕನ್ನೇ ಮುಂದಿಟ್ಟುಕೊಂಡು ಬಿಡಿಸಿದರು. ಪರೀಕ್ಷೆಯನ್ನೂ ಅವರು ಕೈಬಿಡಲಿಲ್ಲ, ಹೊಸದಾಗಿ ಕಟ್ಟಿದರು. ಅಧ್ಯಯನದ ಮೌಲ್ಯಮಾಪನದ ಹೊಣೆ ಹೊತ್ತಿದ್ದ ರಾಲ್ಫ್ ಟೈಲರ್ ತಂಡದ ಒಂದು ಪ್ರಶ್ನೆಪತ್ರಿಕೆ ನೋಡಿ: ಕೆಲವು ಅಂಕಿಅಂಶ ಕೊಟ್ಟು, ಕೆಳಗೆ ತೀರ್ಮಾನಗಳನ್ನು ಬರೆದಿರುತ್ತಾರೆ. ಪ್ರತಿಯೊಂದಕ್ಕೂ ಸರಿ, ಬಹುಶಃ ಸರಿ, ಬಹುಶಃ ತಪ್ಪು, ತಪ್ಪು, ಇಲ್ಲವೇ ‘ಇಷ್ಟು ಮಾಹಿತಿ ಸಾಲದು’ ಎಂದು ಗುರುತಿಸಬೇಕು. ಆ ಐದನೇ ಉತ್ತರ ಬರೆಯಬಲ್ಲ ಹುಡುಗಿಯನ್ನು ಯಾವ ಗೈಡು ತಯಾರು ಮಾಡೀತು?

ಅನುಕೂಲಸ್ಥ ಶಾಲೆಗಳ ಕಥೆ ಇದು ಎನ್ನುವವರೂ ಇದ್ದಾರೆ. ಆದರೆ 1940ರಿಂದ 46ರವರೆಗೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ವರ್ಣಭೇದದ ಕಾನೂನಿನಡಿ ನಲುಗುತ್ತಿದ್ದ ಕಪ್ಪು ಮಕ್ಕಳ ಪ್ರೌಢಶಾಲೆಗಳ ಶಿಕ್ಷಕರೂ ಇದೇ ದಾರಿ ಹಿಡಿದರು.

ನಮ್ಮ ಮೇಷ್ಟ್ರಿಗೆ ಸಮೀಕ್ಷೆ, ಚುನಾವಣೆ, ಬಿಸಿಯೂಟದ ಮೊಟ್ಟೆಯ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿ ತುಂಬುವ ಎಸ್‌ಎಟಿಎಸ್ ದಾಖಲಾತಿ ಇದೆ. ಪಕ್ಕದೂರಿನ ಮೇಷ್ಟ್ರ ಜೊತೆ ಕೂತು ಒಂದು ಪ್ರಶ್ನೆಪತ್ರಿಕೆ ಕಟ್ಟಲು ಹೊತ್ತಿಲ್ಲ. ಮುಂದಿನ ಬೇಸಿಗೆಯಲ್ಲಿ ಸಂಬಳ ಸಮೇತ ಮೂರು ವಾರ ಸರ್ಕಾರ ಅವರಿಗೆ ಕೊಡಲಿ. ಸುತ್ತೋಲೆ ಬೇಡ, ಸಂಪನ್ಮೂಲ ವ್ಯಕ್ತಿಯ ಭಾಷಣ ಬೇಡ. ತಮ್ಮ ಒಂಬತ್ತನೇ ತರಗತಿಗೆ ಏನು ಕೇಳಬೇಕೆಂದು ಅವರೇ ಬರೆದು ತರಲಿ.