ನಸುಕಿನ ಓಟ ಯಾರ ಪಾಲಿನದು?

ದೂರದ ಓಟದ ಅಭ್ಯಾಸಕ್ಕೆ ನಸುಕೇ ತಕ್ಕ ಹೊತ್ತೆನ್ನುತ್ತಾರೆ. ಸೊಲ್ಲಾಪುರದ ಬಿಸಿಲಿಗೆ ಅದು ನಿಜವೂ ಹೌದು. ಆದರೆ ಮನೆಯಲ್ಲಿ ನೀರು ತುಂಬುವುದು, ರೊಟ್ಟಿ ಬಡಿಯುವುದು, ಮಕ್ಕಳ ಬುತ್ತಿ ಕಟ್ಟುವುದು ಕೂಡ ಆಗಲೇ. ಗಂಡಸು ಓಡಲು ಹೊರಟರೆ ಆ ಕೆಲಸವೆಲ್ಲ ಹೆಂಡತಿಗೆ ಉಳಿಯುತ್ತದೆ. ನಾವದನ್ನು ಅವನ ಶಿಸ್ತೆಂದು ಹೊಗಳುತ್ತೇವೆ. ಹೆಂಗಸು ಓಡಬೇಕಾದರೆ ಇನ್ನೂ ಮೊದಲೇ ಏಳಬೇಕು. ನಿದ್ದೆ ಸಾಲದೆ ದಣಿದ ಕಾಲು ಚೇತರಿಸಿಕೊಳ್ಳುವುದಾದರೂ ಹೇಗೆ?

ಬಾರಾಮತಿಯಲ್ಲಿ ಲತಾ ಭಗವಾನ್ ಕರೆಯವರು ಅರವತ್ತು ದಾಟಿದ ವಯಸ್ಸಿನಲ್ಲಿ, ನೌವಾರಿ ಸೀರೆಯುಟ್ಟು, ಬರಿಗಾಲಲ್ಲಿ ಓಡಿ ಗೆದ್ದರು. ಅದೂ ಗಂಡನ ಚಿಕಿತ್ಸೆಯ ಹಣಕ್ಕಾಗಿ. ಮರಾಠಿಯಲ್ಲಿ ಚಲನಚಿತ್ರವೂ ಬಂದಿತು. ಸಂಸಾರಕ್ಕಾಗಿ ಓಡಿದವಳನ್ನು ಕೊಂಡಾಡುವುದು ನಮಗೆ ಸುಲಭ. ತನಗಾಗಿ ಓಡುವ ಸೊಸೆಗೆ ವಾರದಲ್ಲಿ ಮೂರು ನಸುಕು ಬಿಟ್ಟುಕೊಟ್ಟು, ಆ ದಿನಗಳಲ್ಲಿ ಒಲೆಯ ಮುಂದೆ ಮನೆಯ ಗಂಡಸರು ಕೂರಲಿ.