ಎಲ್ಡೊರೆಟ್‌ನ ಬಜೆಟ್ ಮಾರುಕಟ್ಟೆಗೂ ಬರಲಿ

ಉವಾಸಿನ್ ಗಿಶು ಕೌಂಟಿಯ ಗವರ್ನರ್ ಅವರಿಗೆ,

ಮಾನ್ಯರೆ,

2024ರ ಆಗಸ್ಟ್ 15ರಂದು ಅಧ್ಯಕ್ಷ ವಿಲಿಯಂ ರುಟೊ ಅವರ ಕೈಯಿಂದ ಸನ್ನದು ಪಡೆದು ನಿಮ್ಮ ಕೌಂಟಿಯ ಎಲ್ಡೊರೆಟ್ ಕೀನ್ಯಾದ ಐದನೆಯ ನಗರವಾಯಿತು. ಬಿಳಿಯ ವಲಸಿಗರ ಕಾಲದಲ್ಲಿ ಬರೀ '64' ಎಂಬ ಜಮೀನಿನ ನಂಬರಿನಿಂದ ಕರೆಸಿಕೊಂಡ ಜಾಗವಿದು. 2019ರ ಜನಗಣತಿಯ ಹೊತ್ತಿಗೇ ಇಲ್ಲಿ 4,75,000ಕ್ಕೂ ಹೆಚ್ಚು ಜನರಿದ್ದರು. ಇಷ್ಟು ಬೇಗ ಬೆಳೆದ ಊರಿಗೆ ರಸ್ತೆ, ಚರಂಡಿ, ದೀಪ ಎಲ್ಲವೂ ಬೇಕು. ಆದರೆ ಯಾವುದು ಮೊದಲು ಬೇಕೆಂದು ಯಾರನ್ನು ಕೇಳುತ್ತೀರಿ ಎಂಬುದೇ ನನ್ನ ಚಿಂತೆ.

2011ರ ನಗರಗಳ ಕಾಯ್ದೆಯಲ್ಲಿ ನಿವಾಸಿಗಳ ವೇದಿಕೆಗೆ ಜಾಗವಿದೆ. ಸೇವೆಗಳ ಬಗ್ಗೆ, ಬಜೆಟ್ ಅಂದಾಜಿನ ಬಗ್ಗೆ, ಅಭಿವೃದ್ಧಿ ಯೋಜನೆಯ ಬಗ್ಗೆ ಅಲ್ಲಿ ಜನ ಚರ್ಚಿಸಿ ಸಲಹೆ ಕೊಡಬಹುದು. ಕೌಂಟಿಯ ಹಣಕಾಸು ನೀತಿಪತ್ರ ಫೆಬ್ರವರಿ 28ರೊಳಗೆ, ಬಜೆಟ್ ಅಂದಾಜು ಏಪ್ರಿಲ್ 30ರೊಳಗೆ ಕೌಂಟಿ ಶಾಸನಸಭೆಯ ಮುಂದೆ ಬರಬೇಕು. ಮೇ ತಿಂಗಳಲ್ಲಿ ಜನರನ್ನು ಕರೆದರೆ ಅಷ್ಟರಲ್ಲಿ ದೊಡ್ಡ ಮೊತ್ತಗಳೆಲ್ಲ ಹಂಚಿಹೋಗಿರುತ್ತವೆ. ದಯವಿಟ್ಟು ಜನವರಿಯಲ್ಲೇ ಕೇಳಿ.

ಎಲ್ಲಿ ಕೇಳುತ್ತೀರಿ ಎಂಬುದೂ ಮುಖ್ಯ. ಕೆಲಸದ ದಿನದ ಮಧ್ಯಾಹ್ನ ಸಭಾಭವನದಲ್ಲಿ ನೂರಾರು ಪುಟಗಳ ಇಂಗ್ಲಿಷ್ ದಾಖಲೆ ಮುಂದಿಟ್ಟರೆ ತರಕಾರಿ ಮಾರುವ ಮಾಮಾ ಎಂಬೋಗಾ ಬರಲಾರಳು. ಬಂದರೆ ಅವಳ ಅಂದಿನ ದುಡಿಮೆ ಹೋಯಿತು. ಬೋಡಾ ಬೋಡಾ ಎಂಬ ಬಾಡಿಗೆ ಬೈಕ್ ಓಡಿಸುವ ಹುಡುಗನದೂ ಅದೇ ಪಾಡು. ಮಳೆ ಬಂದರೆ ಲಂಗಾಸ್, ಹುರುಮಾ ಬಡಾವಣೆಗಳಲ್ಲಿ ಯಾವ ಓಣಿಗೆ ನೀರು ನುಗ್ಗುತ್ತದೆ ಎಂದು ಇವರಷ್ಟು ಬಲ್ಲ ಎಂಜಿನಿಯರ್ ಇಲ್ಲ. ಸಂಜೆ ಮಾರುಕಟ್ಟೆಯ ಬಳಿಯೇ ಸ್ವಾಹಿಲಿಯಲ್ಲಿ ಬರಾಜಾ, ಅಂದರೆ ಬಹಿರಂಗ ಸಭೆ, ನಡೆಸಿ. ಹೆಂಗಸರ ಉಳಿತಾಯ ಗುಂಪುಗಳಾದ ಚಾಮಾಗಳಿಗೆ ಅಧಿಕಾರಿಗಳನ್ನು ಕಳಿಸಿ. ತಿಂಗಳು ತಿಂಗಳೂ ಕೂಡಿ, ಉಳಿತಾಯ ಸಾಲಗಳ ಲೆಕ್ಕ ಬರೆದಿಡುವ ಆ ಗುಂಪುಗಳಿಗೆ ಹಣದ ಶಿಸ್ತನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. 2007ರ ಡಿಸೆಂಬರ್ ಚುನಾವಣೆಯ ಬೆನ್ನಲ್ಲೇ ಈ ಸೀಮೆಯಲ್ಲಿ ನೆರೆಯವರು ನೆರೆಯವರನ್ನು ಕೊಂದರು. 2008ರ ಜನವರಿ 1ರಂದು ಎಲ್ಡೊರೆಟ್ ಬಳಿಯ ಕಿಯಾಂಬಾದ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ತಾಯಂದಿರು, ಮಕ್ಕಳು ಬೆಂಕಿಗೆ ಬಲಿಯಾದರು. ಕಲೆಂಜಿನ್, ಕಿಕುಯು, ಲುಹ್ಯಾ, ಲುವೊ ಬುಡಕಟ್ಟುಗಳ ಜನ ಇಂದು ಮತ್ತೆ ಒಂದೇ ಊರಿನಲ್ಲಿ ಬಾಳುತ್ತಿದ್ದಾರೆ. ಚುನಾವಣೆ ಬಂದಾಗ ಮಾತ್ರ ಶಾಂತಿಸಭೆ ಕರೆದರೆ ಸಾಲದು. ಒಂದೇ ಓಣಿಯ ಚರಂಡಿಗಾಗಿ ವರ್ಷವಿಡೀ ಜೊತೆಗೆ ಕೂತು ವಾದಿಸಿದವರಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರುತ್ತದೆ, ಕಷ್ಟವೂ ಗೊತ್ತಿರುತ್ತದೆ. ನಿವಾಸಿಗಳ ವೇದಿಕೆಯನ್ನು ನಾನು ಇಷ್ಟು ಹಟ ಹಿಡಿದು ಕೇಳುವುದು ಬಹುಪಾಲು ಇದಕ್ಕಾಗಿಯೇ.

ಕೇಳಿದ್ದೆಲ್ಲ ಸಿಗಲಿ ಎನ್ನುತ್ತಿಲ್ಲ, ಬೊಕ್ಕಸಕ್ಕೆ ಮಿತಿಯಿದೆ. ಜನ ಏನು ಕೇಳಿದರು, ಯಾವುದನ್ನು ಒಪ್ಪಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂಬ ಪಟ್ಟಿಯನ್ನು ಜುಲೈ 1ಕ್ಕೆ ಹೊಸ ಹಣಕಾಸು ವರ್ಷ ಶುರುವಾಗುವ ಮುನ್ನ ಪ್ರತಿ ವಾರ್ಡಿನ ಮಾರುಕಟ್ಟೆಯ ಗೋಡೆಗೆ ಸ್ವಾಹಿಲಿಯಲ್ಲಿ ಅಂಟಿಸಿ. ಇಷ್ಟಕ್ಕೆ ಹೊಸ ಕಾನೂನು ಬೇಕಿಲ್ಲ, ನಿಮ್ಮದೊಂದು ಆದೇಶ ಸಾಕು.

ವಿಶ್ವಾಸದಿಂದ,
ಎಲ್ಡೊರೆಟ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ