ಸುಕ್ಕಿನ ಭಯ ಬೇಡ, ನೆರಳು ಕೊಡಿ

ಕಳೆದ ಭಾನುವಾರ ಪಕ್ಕದ ಮನೆಯ ಹುಡುಗಿ ಒಂದು ಪುಟ್ಟ ಗಾಜಿನ ಸೀಸೆ ಹಿಡಿದು ಬಂದಳು. ಓದುತ್ತಿರುವುದು ಏಳನೇ ತರಗತಿ. ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು ಕೂಡಿಟ್ಟು ತರಿಸಿಕೊಂಡ ಸೀರಮ್ ಅದು. ಹಚ್ಚಿದ ಎರಡೇ ದಿನಕ್ಕೆ ಕೆನ್ನೆ ಕೆಂಪಾಗಿ ಉರಿಯುತ್ತಿತ್ತು. ಅಮ್ಮನಿಗೆ ಹೇಳಲು ಹೆದರಿ ನನ್ನ ಬಳಿ ಬಂದಿದ್ದಳು. ಯಾಕಮ್ಮ ಹಚ್ಚಿಕೊಂಡೆ ಎಂದರೆ, “ಸುಕ್ಕು ಬರೋಕೆ ಮುಂಚೇನೇ ಶುರು ಮಾಡ್ಬೇಕಂತೆ ಆಂಟಿ, ಬಂದ್ಮೇಲೆ ಏನೂ ಮಾಡಕ್ಕಾಗಲ್ವಂತೆ” ಅಂದಳು. ಹನ್ನೆರಡು ವರ್ಷದ ಮಗುವಿಗೆ ಮುಪ್ಪಿನ ಭಯ ಹತ್ತಿಸಿದವರು ಯಾರು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ಸೀಸೆಯ ಮೇಲೆ ರೆಟಿನಾಲ್ ಎಂದು ಬರೆದಿತ್ತು. ಅದು ಎ ವಿಟಮಿನ್ನಿನ ಒಂದು ರೂಪ. ಚರ್ಮದ ಹಳೆಯ ಕೋಶಗಳು ಬೇಗ ಕಳಚಿ ಹೊಸವು ಮೇಲೆ ಬರುವಂತೆ ಮಾಡುತ್ತದೆ. ನಡುವಯಸ್ಸಿನವರ ಸಣ್ಣ ಗೆರೆಗಳನ್ನು ಅಷ್ಟಿಷ್ಟು ತಗ್ಗಿಸುವುದೂ ನಿಜ. ಆದರೆ ಮಕ್ಕಳ ಚರ್ಮ ಈ ಕೆಲಸವನ್ನು ತಾನಾಗಿಯೇ ಚುರುಕಾಗಿ ಮಾಡಿಕೊಳ್ಳುತ್ತಿರುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಕಡಿಮೆಯಾಗತೊಡಗುವುದು ಇಪ್ಪತ್ತು ದಾಟಿದ ಮೇಲೆ, ಅದೂ ವರ್ಷಕ್ಕೆ ಸುಮಾರು ಶೇ 1ರಷ್ಟು. ಇಲ್ಲದ ಕಾಯಿಲೆಗೆ ಮದ್ದು ಹಚ್ಚಿದರೆ ಉಳಿಯುವುದು ಉರಿ, ಸಿಪ್ಪೆ ಏಳುವುದು ಮತ್ತು ಬಿಸಿಲು ತಾಳದ ಚರ್ಮ. ಸ್ವೀಡನ್ನಿನ ಅಪೋತೆಕ್ ಯರ್ತಾತ್ ಎಂಬ ಔಷಧ ಮಳಿಗೆಗಳ ಸಂಸ್ಥೆ 2024ರಲ್ಲಿ 15 ವರ್ಷದೊಳಗಿನವರಿಗೆ ಇಂಥ ಉತ್ಪನ್ನಗಳನ್ನು, ಹೆತ್ತವರ ಒಪ್ಪಿಗೆ ಇಲ್ಲದೆ ಮಾರುವುದಿಲ್ಲ ಎಂದು ತೀರ್ಮಾನಿಸಿತು. ಮಾರುವವರೇ ಬೇಡ ಎನ್ನಬೇಕಾಯಿತು ಎಂದರೆ ಈ ಗೀಳು ಎಲ್ಲಿಗೆ ಮುಟ್ಟಿದೆ ಎಂದು ಊಹಿಸಬಹುದು.

ಹಾಗಾದರೆ ಚಿಕ್ಕಂದಿನಿಂದ ಚರ್ಮ ಕಾಯುವ ಮಾತೇ ಸುಳ್ಳೇ? ಅಲ್ಲ. ಆ ಹುಡುಗಿ ಕೇಳಿಸಿಕೊಂಡ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇಗ ಶುರು ಮಾಡಬೇಕು ಎಂಬುದು ಸರಿ. ಸೀಸೆಯಿಂದ ಶುರು ಮಾಡಬೇಕು ಎಂಬುದು ತಪ್ಪು.

ಅಕಾಲದಲ್ಲಿ ಚರ್ಮವನ್ನು ಮುಪ್ಪಾಗಿಸುವ ಹೊರಗಿನ ಕಾರಣಗಳಲ್ಲಿ ಬಿಸಿಲಿಗೇ ಮೊದಲ ಸ್ಥಾನ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ 69 ವರ್ಷದ ಲಾರಿ ಚಾಲಕನೊಬ್ಬನ ಚಿತ್ರ ಪ್ರಕಟವಾಯಿತು. 28 ವರ್ಷ ಲಾರಿ ಓಡಿಸಿದ್ದವನು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಜೋತು ಬಿದ್ದು ಆಳವಾದ ನೆರಿಗೆಗಳಿಂದ ತುಂಬಿತ್ತು. ಬಲಗೆನ್ನೆ ಹತ್ತಾರು ವರ್ಷ ಚಿಕ್ಕವನದೆಂಬಂತೆ ಇತ್ತು. ಚರ್ಮವನ್ನು ಸುಡುವ ಯುವಿಬಿ ಕಿರಣವನ್ನು ಗಾಜು ಬಹುಪಾಲು ತಡೆಯುತ್ತದೆ. ಒಳಪದರಕ್ಕೆ ಇಳಿದು ಕೊಲಾಜೆನ್ ಕೆಡಿಸುವ ಯುವಿಎ ಅದೇ ಗಾಜನ್ನು ದಾಟಿ ಬರುತ್ತದೆ. ನಮ್ಮಲ್ಲಿ ಚಾಲಕರು ಕೂರುವುದು ಬಲಗಡೆ. ವರ್ಷಗಟ್ಟಲೆ ಬಸ್ಸು, ಲಾರಿ ಓಡಿಸಿದವರ ಎರಡೂ ಮುಂಗೈಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ, ತಿಳಿಯುತ್ತದೆ.

ಬಿಸಿಲು ತಡೆದರೆ ಮುಪ್ಪು ನಿಧಾನವಾಗುತ್ತದೆ ಎಂಬುದಕ್ಕೂ ಆಧಾರವಿದೆ. ಆಸ್ಟ್ರೇಲಿಯಾದ ನ್ಯಾಂಬೋರ್ ಪಟ್ಟಣದಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನವೂ ಸನ್‌ಸ್ಕ್ರೀನ್ ಹಚ್ಚಿಕೊಳ್ಳಲು ಸೂಚನೆ ಪಡೆದವರಲ್ಲಿ ಚರ್ಮದ ಮುಪ್ಪು, ಮನಸ್ಸಿಗೆ ಬಂದಾಗ ಹಚ್ಚಿಕೊಂಡವರಿಗಿಂತ ಶೇ 24ರಷ್ಟು ಕಡಿಮೆ ಇತ್ತು.

ಬೆಂಗಳೂರು, ಮೈಸೂರಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗಾಳಿ ತಂಪಾಗಿದ್ದರೆ ಬಿಸಿಲೂ ಮೃದು ಎಂದು ನಾವು ನಂಬಿದ್ದೇವೆ. ಯುವಿ ಕಿರಣಕ್ಕೂ ಸೆಖೆಗೂ ನೇರ ಸಂಬಂಧವಿಲ್ಲ. ಸೂರ್ಯ ನೆತ್ತಿಗೆ ಹತ್ತಿರ ಬಂದಷ್ಟೂ, ಊರು ಎತ್ತರದಲ್ಲಿದ್ದಷ್ಟೂ ಅದು ತೀಕ್ಷ್ಣ. ಯುವಿ ಸೂಚ್ಯಂಕ 3 ಮುಟ್ಟಿದರೇ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಬೇಸಿಗೆಯ ನಡುಹಗಲಲ್ಲಿ ಅದು 10 ದಾಟುವುದು ಮಾಮೂಲು.

ನಮ್ಮ ಕಂದು ಬಣ್ಣವೇ ನಮಗೊಂದು ಕೊಡೆ. ಮೆಲನಿನ್ ಹೆಚ್ಚಿರುವುದರಿಂದ ಬಿಳಿಯರಿಗಿಂತ ನಮಗೆ ಸುಕ್ಕು ತಡವಾಗಿ ಬೀಳುತ್ತದೆ. ಬಿಸಿಲಿನ ಏಟು ನಮ್ಮಲ್ಲಿ ಮೊದಲು ಕಾಣಿಸುವುದು ಕಲೆಯಾಗಿ, ಬಂಗಾಗಿ. ದುರಂತ ನಡೆಯುವುದು ಇಲ್ಲಿಯೇ. ಬಂಗು ಹೋಗಲಿ, ಮುಖ ಬೆಳ್ಳಗಾಗಲಿ ಎಂದು ಔಷಧ ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಬಿಟ್ಟರೆ ಉರಿ ತಡೆಯಲಾಗುವುದಿಲ್ಲ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆದರೂ ಕೈಬೆರಳು ತೋರಿಸಿ ಕೇಳಿದರೆ ಟ್ಯೂಬ್ ಸಿಗುವ ಅಂಗಡಿಗಳಿವೆ. ಯೌವನ ಉಳಿಸುವ ಹೆಸರಿನಲ್ಲಿ ಚರ್ಮವನ್ನೇ ಸವೆಸುವ ಈ ವ್ಯಾಪಾರ ನಿಲ್ಲಲೇಬೇಕು.

ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ಸುಕ್ಕು ತಡೆಯುವ ಜಾಹೀರಾತುಗಳೆಲ್ಲ ನೆರಳಲ್ಲಿ ಕೂತವರಿಗಾಗಿ. ನಿಜವಾಗಿ ಮೂವತ್ತಕ್ಕೇ ಐವತ್ತರ ಮುಖ ಹೊತ್ತವರು ರಸ್ತೆ ಗುಡಿಸುವ ಪೌರಕಾರ್ಮಿಕರು, ಕಳೆ ಕೀಳುವ ಹೆಣ್ಣುಮಕ್ಕಳು, ಗಾರೆ ಹೊರುವವರು, ಸಿಗ್ನಲ್ಲಿನಲ್ಲಿ ನಿಂತ ಪೊಲೀಸರು. ಅವರಿಗೆ ಯಾರೂ ಏನೂ ಮಾರಲು ಬರುವುದಿಲ್ಲ. ಕರಾವಳಿಯ ಗದ್ದೆಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ ಇಡುತ್ತಿದ್ದರು. ಬಯಲುಸೀಮೆಯಲ್ಲಿ ರುಮಾಲು ಸುತ್ತುತ್ತಿದ್ದರು, ಹೆಂಗಸರು ಸೆರಗು ಹೊದೆಯುತ್ತಿದ್ದರು. ಬಿಸಿಲಿಗೆ ಬೆನ್ನು ಕೊಟ್ಟು ದುಡಿದವರಿಗೆ ತಲೆ ಮುಚ್ಚುವ ವಿವೇಕ ಗೊತ್ತಿತ್ತು. ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಅಂಗಿ, ನಡುಹಗಲ ಬಿಡುವು: ಇವು ಇಂದು ಅವರಿಗೆ ಸಮವಸ್ತ್ರದಷ್ಟೇ ಸಹಜವಾಗಿ ಸಿಗಬೇಕು.

ಶಾಲೆಗಳಿಗೂ ಇದು ಅನ್ವಯಿಸುತ್ತದೆ. ಮಕ್ಕಳು ಆಡಲಿ, ಮೂಳೆ ಗಟ್ಟಿಯಾಗಲು ಬಿಸಿಲೂ ತಾಗಲಿ. ಆದರೆ ಕ್ರೀಡಾಕೂಟದ ತಾಲೀಮಿಗೆಂದು ಹನ್ನೊಂದು ಗಂಟೆಯ ಬಯಲಲ್ಲಿ ಗಂಟೆಗಟ್ಟಲೆ ಬರಿದಲೆಯಲ್ಲಿ ನಿಲ್ಲಿಸುವುದು ಶಿಸ್ತಲ್ಲ. ಮೈದಾನದ ಅಂಚಿಗೆ ನಾಲ್ಕು ಹೊಂಗೆ, ಎರಡು ಬೇವು ನೆಟ್ಟರೆ ಹತ್ತು ವರ್ಷದಲ್ಲಿ ನೆರಳು ಸಿದ್ಧ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಚುರುಕಾಗಿದೆ ಎಂದರ್ಥ. ಈ ಒಂದು ಲೆಕ್ಕವನ್ನು ಒಂದನೇ ತರಗತಿಯ ಮಗುವಿಗೂ ಕಲಿಸಬಹುದು.

ಆ ಹುಡುಗಿಗೆ ಸೀರಮ್ ನಿಲ್ಲಿಸು ಎಂದೆ. ಅವಳ ಅಮ್ಮನ ಜೊತೆ ಕೂತು ಮಾತಾಡಿದೆ. ಉರಿ ಇಳಿಯದಿದ್ದರೆ ಚರ್ಮವೈದ್ಯರಿಗೆ ತೋರಿಸಿ ಎಂದೆ. ತಾಯಂದಿರೇ, ನಿಮ್ಮ ಮಗಳ ಮೇಜಿನ ಮೇಲೆ ಏನಿದೆ ಎಂದು ಇವತ್ತೇ ನೋಡಿ. ಗದರಬೇಡಿ. ಚೆನ್ನಾಗಿ ನಿದ್ದೆ, ತಂಬಾಕಿನಿಂದ ದೂರ, ಹೊರಗೆ ಹೊರಟಾಗ ಒಂದು ಟೋಪಿ ಅಥವಾ ಕೊಡೆ, ಬಿಸಿಲಲ್ಲಿ ಹೆಚ್ಚು ಹೊತ್ತು ಇರುವುದಾದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ. ಅವಳ ಚರ್ಮಕ್ಕೆ ಈಗ ಬೇಕಿರುವುದು ಇಷ್ಟೇ. ಅವಳ ಮುಖ ಚೆನ್ನಾಗಿದೆ ಎಂದು ನಿಮ್ಮ ಬಾಯಿಂದ ಕೇಳುವುದು ಇದೆಲ್ಲಕ್ಕಿಂತ ಮೊದಲು ಬೇಕು.